ಇಲ್ಲದ ಕಾಲಿನ ನೋವು: ಅಂಗಚ್ಛೇದನದ ಬಳಿಕ ತಿಳಿದಿರಬೇಕಾದ ಸಂಗತಿಗಳು

ಮಧುಮೇಹದ ಹುಣ್ಣು, ರಕ್ತನಾಳದ ಅಡಚಣೆ, ಅಪಘಾತ ಮೊದಲಾದ ಕಾರಣಗಳಿಂದ ಕೈ ಅಥವಾ ಕಾಲನ್ನು ಶಸ್ತ್ರಕ್ರಿಯೆಯ ಮೂಲಕ ತೆಗೆಯುವುದೇ ಅಂಗಚ್ಛೇದನ. ಅದರ ಬಳಿಕದ ನೋವು ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು ಗಾಯದ ನೋವು; ಗಾಯ ಮಾಗಿದಂತೆ ಇದು ತಗ್ಗುತ್ತದೆ. ಎರಡನೆಯದು ಉಳಿದ ಮೊಂಡುಭಾಗದ ನೋವು. ಸೋಂಕು, ಕತ್ತರಿಸಿದ ನರದ ತುದಿಯಲ್ಲಿ ಬೆಳೆಯುವ ಗಂಟು, ಸರಿಹೊಂದದ ಕೃತಕ ಕಾಲು ಇದಕ್ಕೆ ಕಾರಣವಾಗಬಹುದು. ಮೂರನೆಯದು, ಇಲ್ಲದ ಅಂಗದಲ್ಲಿಯೇ ಉಂಟಾಗುವ ನೋವು.

ಈ ಮೂರನೆಯದನ್ನು ಹೇಳಿಕೊಳ್ಳಲು ಅನೇಕರು ಅಂಜುತ್ತಾರೆ. ಇಲ್ಲದ ಹೆಬ್ಬೆರಳು ಉರಿಯುತ್ತಿದೆಯೆಂದರೆ ಮನೆಯವರು ಭ್ರಮೆಯೆಂದೋ ಪ್ರೇತಬಾಧೆಯೆಂದೋ ತಿಳಿದಾರೆಂಬ ಶಂಕೆ ಅವರದು. ಇದು ಬಾಧೆಯೂ ಅಲ್ಲ, ಬುದ್ಧಿಭ್ರಮಣೆಯೂ ಅಲ್ಲ. ಕಾಲು ಹೋದರೂ ಮಿದುಳಿನಲ್ಲಿ ಅದರ ನಕ್ಷೆ ಉಳಿದಿರುತ್ತದೆ. ತುಂಡಾದ ನರಗಳೂ ಸಂಕೇತಗಳನ್ನು ಕಳುಹಿಸುತ್ತಿರುತ್ತವೆ. ಅಮೆರಿಕದ ವೈದ್ಯ ಸೈಲಸ್ ವಿಯರ್ ಮಿಚೆಲ್ ಅಂತರ್ಯುದ್ಧದ ಗಾಯಾಳುಗಳಲ್ಲಿ ಕಂಡ ಈ ಅನುಭವಕ್ಕೆ 1871ರಲ್ಲಿಯೇ ಹೆಸರು ಕೊಟ್ಟಿದ್ದರು.

ಸಾಮಾನ್ಯ ನೋವುನಿವಾರಕಗಳು ಇದಕ್ಕೆ ಸಾಲದಿರಬಹುದು. ಆಗ ವೈದ್ಯರು ಅಮಿಟ್ರಿಪ್ಟಿಲಿನ್, ಗಬಾಪೆಂಟಿನ್‌ನಂತಹ ಔಷಧಗಳನ್ನು ನೀಡುವುದುಂಟು. ಮೊದಲನೆಯದು ಖಿನ್ನತೆಗೆ, ಎರಡನೆಯದು ಅಪಸ್ಮಾರಕ್ಕೆ ಬಳಕೆಗೆ ಬಂದ ಮದ್ದುಗಳು. ಅದನ್ನು ತಿಳಿದು ಗಾಬರಿಗೊಂಡು ಸೇವನೆಯನ್ನು ನಿಲ್ಲಿಸಬಾರದು.

1990ರ ದಶಕದಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಕನ್ನಡಿ ಚಿಕಿತ್ಸೆಯನ್ನು ಪರಿಚಯಿಸಿದರು. ಎರಡು ಕಾಲುಗಳ ನಡುವೆ ಕನ್ನಡಿಯನ್ನಿರಿಸಿ, ಇರುವ ಕಾಲನ್ನು ಚಲಿಸುತ್ತ ಅದರ ಪ್ರತಿಬಿಂಬವನ್ನು ನೋಡಬೇಕು. ಇಲ್ಲದ ಕಾಲೇ ಚಲಿಸಿದಂತೆ ಮಿದುಳಿಗೆ ತೋರುತ್ತದೆ. ಎಲ್ಲರಿಗೂ ಫಲ ದೊರೆಯದು. ಆದರೆ ವೆಚ್ಚವಿಲ್ಲದ ಕ್ರಮವಾದುದರಿಂದ ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಪ್ರಯತ್ನಿಸಬಹುದು.

ಮನೆಯವರು ಗಮನಿಸಬೇಕಾದ ಅಂಶಗಳು:

1. ಮೊಣಕಾಲಿನ ಕೆಳಗೆ ಕತ್ತರಿಸಿದ್ದರೆ ಮೊಣಕಾಲಿನಡಿ ದಿಂಬು ಇಡಬಾರದು. ಕೀಲು ಮಡಿಚಿಯೇ ಸೆಟೆದುಕೊಳ್ಳುತ್ತದೆ.
2. ಮಧುಮೇಹಿಗಳಲ್ಲಿ ಸ್ಪರ್ಶಜ್ಞಾನ ಕುಂದಿರುವುದರಿಂದ ಬಿಸಿನೀರಿನ ಶಾಖದಿಂದ ಸುಟ್ಟಗಾಯವಾಗಬಹುದು.
3. ಗಾಯ ಮಾಗಿದ ಬಳಿಕ ಮೊಂಡುಭಾಗವನ್ನು ಮೃದುವಾಗಿ ಸವರುವುದರಿಂದ ಅತಿಸಂವೇದನೆ ತಗ್ಗಬಹುದು.
4. ಉಳಿದ ಇನ್ನೊಂದು ಪಾದವನ್ನು ಪ್ರತಿದಿನ ಪರೀಕ್ಷಿಸಬೇಕು.
5. ಜ್ವರ, ಕೀವು, ಚರ್ಮ ಕಪ್ಪಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

2008ರಲ್ಲಿ ಕೇರಳವು ಭಾರತದಲ್ಲಿಯೇ ಮೊದಲನೆಯದಾಗಿ ಸಾಂತ್ವನ ಆರೈಕೆಯ ನೀತಿಯನ್ನು ಪ್ರಕಟಿಸಿತು. ಇಲ್ಲಿ 'ಪಾಲಿಯೇಟಿವ್' ಎಂದೇ ಪರಿಚಿತವಾದ ಈ ಸೇವೆಯ ದಾದಿಯರು ಸ್ಥಳೀಯ ಸಂಸ್ಥೆಗಳ ಮೂಲಕ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಎಡನೀರಿನವರು ಚೆಂಗಳ ಗ್ರಾಮ ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು.

ನೋವನ್ನು ಅಳೆಯುವ ಯಂತ್ರವಿಲ್ಲ. ರೋಗಿಯ ಮಾತೇ ವೈದ್ಯರಿಗೆ ಆಧಾರ. ಕನ್ನಡದಲ್ಲಿಯೋ ತುಳುವಿನಲ್ಲಿಯೋ ನೋಯುವ ನಮ್ಮ ಹಿರಿಯರು ಮಲಯಾಳದಲ್ಲಿ 'ವೇದನ' ಎಂಬ ಒಂದೇ ಪದ ನುಡಿದು ಸುಮ್ಮನಾದರೆ ಚಿಕಿತ್ಸೆಯೂ ಅಲ್ಲಿಗೇ ನಿಲ್ಲುತ್ತದೆ. ಉರಿಗೆ 'ಎರಿಚ್ಚಿಲ್', ಸೆಳೆತಕ್ಕೆ 'ವಲಿಚ್ಚಿಲ್', ಜೋಮಿಗೆ 'ತರಿಪ್ಪ್', ಚುಚ್ಚುವ ನೋವಿಗೆ 'ಕುತ್ತುನ್ನ ವೇದನ' ಎನ್ನುತ್ತಾರೆ. ಈ ನಾಲ್ಕು ಪದಗಳನ್ನು ಚೀಟಿಯಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದುಕೊಡಿ. ಸಾಧ್ಯವಾದರೆ ಎರಡೂ ಭಾಷೆ ಬಲ್ಲ ಒಬ್ಬರು ಜತೆಗಿರಲಿ. ತನ್ನ ನೋವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳುವುದು ರೋಗಿಗೆ ಸಲ್ಲಬೇಕಾದ ಹಕ್ಕು. ಅದನ್ನು ಕೇಳಿ ದಾಟಿಸುವುದು ಮನೆಯವರ ಹೊಣೆ.