ಹೊಸ ಗೃಹೋಪಕರಣಕ್ಕೆ ವಿದ್ಯುತ್ ಸಂಪರ್ಕ: ವಾರಂಟಿ ಉಳಿಸಿಕೊಳ್ಳುವ ಬಗೆ

ಸಾಲಪತ್ರದ ನಿಬಂಧನೆಗಳನ್ನು ಗ್ರಾಹಕರಿಗೆ ಓದಿ ತಿಳಿಸುವುದು ಬ್ಯಾಂಕಿನಲ್ಲಿ ನನ್ನ ಬಹುಕಾಲದ ಕೆಲಸ. ಆದರೂ ಕಲಬುರಗಿಯಿಂದ ಹೈದರಾಬಾದಿಗೆ ವರ್ಗವಾಗಿ ಬಂದು, ಬರ್ಕತ್‌ಪುರದ ಹಳೆಯ ಬಾಡಿಗೆ ಮನೆಯಲ್ಲಿ ಹೊಸ ಗೀಸರ್ ಹಾಕಿಸಿದಾಗ ಅದರ ವಾರಂಟಿ ಪತ್ರವನ್ನು ಓದದೆಯೇ ಕಪಾಟಿನಲ್ಲಿಟ್ಟೆ. ಗೋಡೆಯಲ್ಲಿದ್ದುದು 6 ಆಂಪಿಯರಿನ ಸಣ್ಣ ಸಾಕೆಟ್ಟು. ಗೀಸರಿನೊಡನೆ ಬಂದದ್ದು 16 ಆಂಪಿಯರಿನ ದಪ್ಪ ಪ್ಲಗ್ಗು. ಬೀದಿಯ ಎಲೆಕ್ಟ್ರಿಷಿಯನ್ ಆ ಪ್ಲಗ್ಗನ್ನು ಕತ್ತರಿಸಿ, ಎರಡು ಪಿನ್ನಿನದನ್ನು ಜೋಡಿಸಿ, ಉಳಿದ ಹಸಿರು ತಂತಿಗೆ ಟೇಪು ಸುತ್ತಿ ಹೊರಟುಹೋದ. ಎಂಟನೆಯ ತಿಂಗಳಲ್ಲಿ ನಲ್ಲಿ ಮುಟ್ಟಿದ ನನ್ನ ಶ್ರೀಮತಿಗೆ ಶಾಕ್ ತಗುಲಿತು. ದೈವಕೃಪೆಯಿಂದ ಪ್ರಾಣಾಪಾಯವಾಗಲಿಲ್ಲ. ಗೀಸರನ್ನು ಪರೀಕ್ಷಿಸಲು ಬಂದ ಕಂಪನಿಯ ತಂತ್ರಜ್ಞ, ‘ಮೂಲ ಪ್ಲಗ್ಗು ಕತ್ತರಿಸಲಾಗಿದೆ, ಭೂಸಂಪರ್ಕವಿಲ್ಲ’ ಎಂದು ಬರೆದು ವಾರಂಟಿಯನ್ನು ನಿರಾಕರಿಸಿದ. ಅವನನ್ನು ದೂರುವಂತಿರಲಿಲ್ಲ.

ವಾರಂಟಿಯ ಷರತ್ತುಗಳೆಂದರೆ ಕಂಪನಿಯು ಜಾರಿಕೊಳ್ಳಲು ಮಾಡಿಟ್ಟ ಹಂಚಿಕೆ ಎಂದು ನಾವು ಭಾವಿಸುತ್ತೇವೆ. ವಿದ್ಯುತ್ ಸಂಪರ್ಕದ ಮಟ್ಟಿಗಂತೂ ಅವು ಬಹುಪಾಲು ನಮ್ಮ ಜೀವರಕ್ಷಣೆಯ ಷರತ್ತುಗಳೇ ಆಗಿವೆ. ಈ ದೃಷ್ಟಿಯಿಂದ ಗಮನಿಸತಕ್ಕ ಅಂಶಗಳನ್ನು ಇಲ್ಲಿ ಸಂಗ್ರಹಿಸಿದೆ.

ವಾರಂಟಿ ತಪ್ಪಿಹೋಗುವ ಸಂದರ್ಭಗಳು

ಕಂಪನಿಯಿಂದ ಕಂಪನಿಗೆ ಮಾತು ಬೇರೆಯಾದರೂ ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಇವು: ಮೂಲ ಪ್ಲಗ್ಗನ್ನಾಗಲಿ ವೈರನ್ನಾಗಲಿ ಕತ್ತರಿಸುವುದು, ಅಧಿಕೃತನಲ್ಲದವನಿಂದ ಅಳವಡಿಸುವುದು ಅಥವಾ ಬಿಚ್ಚಿಸುವುದು, ಭೂಸಂಪರ್ಕವಿಲ್ಲದ ಸಾಕೆಟ್ಟಿಗೆ ಜೋಡಿಸುವುದು, ನಿಗದಿತ ಮಿತಿಯ ಹೊರಗಿನ ವೋಲ್ಟೇಜಿನಲ್ಲಿ ನಡೆಸುವುದು, ಮನೆಬಳಕೆಯ ಯಂತ್ರವನ್ನು ಅಂಗಡಿ, ಹಾಸ್ಟೆಲುಗಳಲ್ಲಿ ಬಳಸುವುದು, ಕ್ರಮಸಂಖ್ಯೆಯ ಚೀಟಿಯನ್ನು ಕಿತ್ತುಹಾಕುವುದು. ವಾರಂಟಿಯ ಅವಧಿಯನ್ನೂ ಬಿಡಿಸಿ ಓದಬೇಕು. ಕಂಪ್ರೆಸರಿಗೆ 10 ವರ್ಷವೆಂದು ದಪ್ಪಕ್ಷರದಲ್ಲಿದ್ದರೂ ಇಡೀ ಯಂತ್ರಕ್ಕೆ 1 ವರ್ಷವೆಂದು ಸಣ್ಣಕ್ಷರದಲ್ಲಿರುವುದುಂಟು.

ಕೊಳ್ಳುವ ಮೊದಲು ಗೋಡೆಯನ್ನು ನೋಡಿರಿ

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತು. ಉಪಕರಣದ ವ್ಯಾಟ್ ಸಂಖ್ಯೆಯನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಎಷ್ಟೆಂಬುದು ಸ್ಥೂಲವಾಗಿ ತಿಳಿಯುತ್ತದೆ. 2000 ವ್ಯಾಟಿನ ಗೀಸರಿಗೆ 8.7 ಆಂಪಿಯರ್, 3000 ವ್ಯಾಟಿನದಕ್ಕೆ 13. ಸಣ್ಣ ಸಾಕೆಟ್ಟಿನ ಮಿತಿಯಾದ 6 ಆಂಪಿಯರ್ ಎಂದರೆ 1380 ವ್ಯಾಟ್ ಮಾತ್ರ. ಆದುದರಿಂದ ಗೀಸರ್, ಎ.ಸಿ., ನೀರು ಕಾಯಿಸುವ ವಾಷಿಂಗ್ ಮೆಷಿನ್ ಇವುಗಳಿಗೆ 16 ಆಂಪಿಯರಿನ ಪವರ್ ಸಾಕೆಟ್ಟೇ ಬೇಕು. ದಪ್ಪ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆಯೆಂದು ತಂದು ಹಾಕಬಾರದು. ಪ್ಲಗ್ಗು ಹೊಂದಿಕೊಂಡರೂ ಗೋಡೆಯೊಳಗಿನ ತಂತಿ ದಪ್ಪವಾಗುವುದಿಲ್ಲ.

ಪವರ್ ಸಾಕೆಟ್ಟಿಗೆ ಸಾಮಾನ್ಯವಾಗಿ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಎ.ಸಿ. ಮತ್ತು ಗೀಸರಿಗೆ 4 ಚದರ ಮಿಲಿಮೀಟರಿನದು ವಾಡಿಕೆ. ಅದಕ್ಕೆ ತಕ್ಕ ಎಂಸಿಬಿ ಪ್ರತ್ಯೇಕವಾಗಿರಬೇಕು. ಕಾಚಿಗುಡ, ಹಿಮಾಯತ್‌ನಗರದಂತಹ ಹಳೆಯ ಬಡಾವಣೆಗಳ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ, ಪಿಂಗಾಣಿ ಫ್ಯೂಸು ಇನ್ನೂ ಉಳಿದಿರಬಹುದು. ಅಂತಹ ಕಡೆ ಹಳೆಯ ತಂತಿಗೆ ಹೊಸದನ್ನು ಗಂಟು ಹಾಕದೆ, ಮೀಟರಿನ ಬಳಿಯಿಂದಲೇ ಹೊಸ ಲೈನನ್ನು ಎಳೆಸುವುದು ಕ್ಷೇಮ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆದು, ಪರವಾನಗಿಯುಳ್ಳ ಗುತ್ತಿಗೆದಾರರಿಂದ ಮಾಡಿಸಿ, ರಸೀದಿಯನ್ನು ಇಟ್ಟುಕೊಳ್ಳಬೇಕು.

ಭೂಸಂಪರ್ಕ: ಮೂರನೆಯ ತಂತಿಯ ಮಹತ್ವ

ಪ್ಲಗ್ಗಿನ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಅಲಂಕಾರಕ್ಕಲ್ಲ. ಪ್ಲಗ್ಗು ಒಳಹೋಗುವಾಗ ಭೂಸಂಪರ್ಕವೇ ಮೊದಲು ಕೂಡಬೇಕೆಂಬುದು ಉದ್ದೇಶ. ಗೀಸರಿನ ಎಲಿಮೆಂಟ್ ಬಿರುಕುಬಿಟ್ಟರೆ ವಿದ್ಯುತ್ತು ನೀರಿಗೂ ಲೋಹದ ಕವಚಕ್ಕೂ ಇಳಿಯುತ್ತದೆ. ಅರ್ಥಿಂಗ್ ಇದ್ದಲ್ಲಿ ಅದು ಭೂಮಿಗೆ ಹರಿದುಹೋಗುತ್ತದೆ. ಇಲ್ಲದಿದ್ದಲ್ಲಿ ನಲ್ಲಿ ಮುಟ್ಟಿದವರ ದೇಹವೇ ಅದಕ್ಕೆ ದಾರಿಯಾಗುತ್ತದೆ.

ಮಲ್ಟಿಮೀಟರಿನಿಂದ ಪರೀಕ್ಷಿಸುವ ಕ್ರಮ ಹೀಗಿದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್; ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ; ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಸೊನ್ನೆಯ ಸಮೀಪ ಇರಬೇಕು. ಆದರೆ ಇಲ್ಲೊಂದು ಮೋಸವುಂಟು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕೆಲವರು ಸಾಕೆಟ್ಟಿನ ಒಳಗೇ ನ್ಯೂಟ್ರಲನ್ನು ಅರ್ಥ್ ಪಿನ್ನಿಗೆ ಸೇರಿಸಿಬಿಡುತ್ತಾರೆ. ಮೀಟರು ‘ಸರಿ’ ಎನ್ನುತ್ತದೆ. ಹೊರಗೆಲ್ಲೋ ನ್ಯೂಟ್ರಲ್ ಕಡಿದ ದಿನ ಉಪಕರಣದ ಕವಚಕ್ಕೇ ಪೂರ್ಣ ವಿದ್ಯುತ್ತು ಬರುತ್ತದೆ. ಆದುದರಿಂದ ಪರೀಕ್ಷೆಯೊಡನೆ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್‌ರಿಂದ ಬಿಚ್ಚಿಸಿ, ಅರ್ಥ್ ತಂತಿಯು ಬೋರ್ಡಿನವರೆಗೂ ಅಲ್ಲಿಂದ ಭೂಮಿಯಲ್ಲಿ ಹೂತ ಅರ್ಥಿಂಗ್ ಗುಂಡಿಯವರೆಗೂ ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇದರ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಸೋರಿಕೆಯಾದೊಡನೆ ಸಂಪರ್ಕ ತಾನಾಗಿ ಕಡಿಯುತ್ತದೆ.

ವೋಲ್ಟೇಜಿನ ಏರಿಳಿತ

ಪೂರೈಕೆಯ ವೋಲ್ಟೇಜು ಶೇಕಡಾ 6ಕ್ಕಿಂತ ಹೆಚ್ಚು ಏರಿಳಿಯಬಾರದೆಂಬುದು ಲೆಕ್ಕ. ಅಂದರೆ ಸುಮಾರು 216ರಿಂದ 244. ಬೇಸಿಗೆಯ ಸಂಜೆ ಎಲ್ಲ ಮನೆಗಳ ಎ.ಸಿ.ಗಳೂ ಒಟ್ಟಿಗೆ ಓಡುವಾಗ ಅದು ಕುಸಿಯಬಹುದು. ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಕೆಲವು ಮನೆಗಳಿಗೆ 400 ವೋಲ್ಟಿನ ಸಮೀಪಕ್ಕೂ ಏರಬಹುದು. ಹೀಗೆ ಸುಟ್ಟ ಯಂತ್ರವು ಸಾಮಾನ್ಯವಾಗಿ ವಾರಂಟಿಯಲ್ಲಿ ಸೇರುವುದಿಲ್ಲ. ಸ್ಟೆಬಿಲೈಸರ್ ಬೇಕೇ ಎಂಬುದನ್ನು ಮಾರಾಟಗಾರರ ಮಾತಿನಿಂದಲ್ಲ, ಕೈಪಿಡಿಯಲ್ಲಿ ನಮೂದಿಸಿದ ವೋಲ್ಟೇಜ್ ಮಿತಿಯಿಂದ ತೀರ್ಮಾನಿಸಬೇಕು. ಹೈದರಾಬಾದಿನ ಪೂರೈಕೆ ತೆಲಂಗಾಣ ದಕ್ಷಿಣ ವಿದ್ಯುತ್ ವಿತರಣಾ ಕಂಪನಿಯದು. ದೂರಿನ ಸಂಖ್ಯೆ 1912. ಎ.ಸಿ., ಗೀಸರುಗಳು ಸೇರಿ ಮನೆಯ ಮಂಜೂರಾದ ಲೋಡ್ ಮೀರುವುದಾದರೆ ಹೆಚ್ಚುವರಿ ಲೋಡಿಗೆ ಅರ್ಜಿ ಸಲ್ಲಿಸತಕ್ಕದ್ದು.

ಅಳವಡಿಸುವ ದಿನ

1. ಗೋಡೆಯವರೆಗಿನ ಕೆಲಸ ನಮ್ಮ ಎಲೆಕ್ಟ್ರಿಷಿಯನ್‌ರದು. ಉಪಕರಣವನ್ನು ಜೋಡಿಸುವುದು ಕಂಪನಿಯವರದು. ಈ ಗಡಿಯನ್ನು ದಾಟಗೊಡಬಾರದು.
2. ಪೆಟ್ಟಿಗೆಯನ್ನು ತಂತ್ರಜ್ಞರ ಎದುರಿನಲ್ಲೇ ತೆರೆಸಿ, ಐಎಸ್ಐ ಗುರುತು ಮತ್ತು ಕ್ರಮಸಂಖ್ಯೆಯನ್ನು ಬಿಲ್ಲಿನೊಡನೆ ತಾಳೆ ನೋಡಬೇಕು.
3. ಸಾಕೆಟ್ಟಿನ ವೋಲ್ಟೇಜನ್ನೂ ಅರ್ಥಿಂಗನ್ನೂ ಅಳೆದು ಅಳವಡಿಕೆ ವರದಿಯಲ್ಲಿ ಬರೆಯುವಂತೆ ಕೇಳಬೇಕು. ಮುಂದೆ ವಿವಾದ ಬಂದರೆ ಇದೇ ಮುಖ್ಯ ಸಾಕ್ಷಿ.
4. ಪ್ಲಗ್ಗು ಹೊಂದದಿದ್ದರೆ ಅಂದಿನ ಅಳವಡಿಕೆಯನ್ನೇ ಮುಂದೂಡಿ ಸಾಕೆಟ್ಟನ್ನು ಬದಲಿಸಬೇಕು. ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ನಡೆಸಬಾರದು.
5. ಬಿಲ್ಲು, ವಾರಂಟಿ ಪತ್ರ, ವರದಿ, ಸಾಕೆಟ್ಟಿನ ಛಾಯಾಚಿತ್ರ ಇವನ್ನು ಒಂದೇ ಕಡತದಲ್ಲಿಡಬೇಕು. ಬಿಲ್ಲಿನ ಶಾಯಿ ಮಾಸುವುದರಿಂದ ಪ್ರತಿ ತೆಗೆದಿಡುವುದು ಮೇಲು.
6. ಮನೆ ಬದಲಿಸುವಾಗ ಬಿಚ್ಚುವುದನ್ನೂ ಮರುಜೋಡಣೆಯನ್ನೂ ಅಧಿಕೃತರಿಂದಲೇ ಮಾಡಿಸಬೇಕು. ವರ್ಗಾವಣೆಯ ನೌಕರಿಯವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ವಾರಂಟಿಯನ್ನು ನಿರಾಕರಿಸಿದರೆ

ನಮ್ಮ ಕಡೆಯಿಂದ ಎಲ್ಲವೂ ಸರಿಯಿದ್ದೂ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಬೇಕು. ಬಳಿಕ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡುವ ಸೌಲಭ್ಯವಿದೆ. ಅದರಿಂದ ಪ್ರಯೋಜನವಾಗದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದೂರುದಾರರು ವಾಸಿಸುವ ಊರಿನಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲಿಯೋ ಬೀದರಿನಲ್ಲಿಯೋ ಕೊಂಡ ವಸ್ತುವಿಗೆ ಹೈದರಾಬಾದಿನಲ್ಲಿ ನ್ಯಾಯ ಕೇಳುವುದು ಇದರಿಂದ ಸಾಧ್ಯ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ವಿವಾದದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು.

ನಮ್ಮ ಮನೆಯ ಪ್ರಕರಣದಲ್ಲಿ ದೂರು ಕೊಡಲು ನನಗೆ ಮುಖವಿರಲಿಲ್ಲ. ಮಾಲೀಕರೊಡನೆ ಖರ್ಚು ಹಂಚಿಕೊಂಡು ಅರ್ಥಿಂಗ್ ಗುಂಡಿ ತೆಗೆಸಿದೆವು. ಹೊಸ ಲೈನು, 16 ಆಂಪಿಯರಿನ ಸಾಕೆಟ್ಟು, ಆರ್‌ಸಿಸಿಬಿ ಹಾಕಿಸಿದೆವು. ಗೀಸರಿನ ದುರಸ್ತಿಗೆ ತೆತ್ತ ಹಣ ನನ್ನ ನೆನಪಿನಲ್ಲಿ ಉಳಿದಿಲ್ಲ. ನಲ್ಲಿಯ ಬಳಿ ಕೇಳಿದ ಆ ಚೀತ್ಕಾರ ಮಾತ್ರ ಉಳಿದಿದೆ. ಹೊಸ ಪೆಟ್ಟಿಗೆ ಮನೆಗೆ ಬಂದಾಗ ಈಗ ನಾನು ಮೊದಲು ತೆರೆಯುವುದು ವಾರಂಟಿ ಪತ್ರವನ್ನು.