ಮೂಗಿಗೆ ಮೇಣ: ಅಳತೆಗೋ, ಒಳಗೋ?

ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡಿದ್ದ ಬ್ರಿಟಿಷ್ ಸೇನೆಯ ಗಾಡಿಯಾಳು ಕವಾಸ್‌ಜಿಗೆ ಪುಣೆಯ ಬಳಿ ಹೊಸ ಮೂಗು ಕಟ್ಟಿದ ಸುದ್ದಿ 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಪ್ರಕಟವಾಯಿತು. ಅಲ್ಲಿ ಮೇಣದ ಹಾಳೆ ಬರೀ ಅಳತೆಗೆ. ಮೂಗಾದದ್ದು ಅವನದೇ ಹಣೆಯ ಚರ್ಮ.

ನೂರು ವರ್ಷಗಳ ನಂತರ ಯುರೋಪಿನ ವೈದ್ಯರು ತಗ್ಗಿದ ಮೂಗನ್ನು ಎತ್ತರಿಸಲು ಪ್ಯಾರಾಫಿನ್ ಮೇಣವನ್ನೇ ಚರ್ಮದಡಿಗೆ ಚುಚ್ಚಿದರು. ಮೊದಮೊದಲು ಮೂಗು ಚೆನ್ನಾಗಿಯೇ ಕಂಡಿತು. ಕ್ರಮೇಣ ಮೇಣ ಜಾರಿತು, ಗಂಟುಗಟ್ಟಿತು. ರಕ್ತನಾಳ ಸೇರಿ ಕೆಲವರ ದೃಷ್ಟಿಯನ್ನೂ ಕಸಿಯಿತು.

ಇಂದು ಸಿಲಿಕೋನ್ ಇದೆ. ಅದು ಕರಗದು, ಬೇರೆಡೆ ಕೊಯ್ಯಬೇಕಿಲ್ಲ. ಆದರೆ ಸೋಂಕು ತಗುಲಬಹುದು, ಚರ್ಮ ಸೀಳಿ ಹೊರಬರಬಹುದು. ರೋಗಿಯದೇ ಕಿವಿ ಅಥವಾ ಪಕ್ಕೆಲುಬಿನ ಮೃದ್ವಸ್ಥಿಗೆ ಆ ಭಯ ಕಡಿಮೆ. ಆದರೆ ಇನ್ನೊಂದು ಗಾಯ ಸಹಿಸಬೇಕು. ಪಕ್ಕೆಲುಬಿನದು ಮುಂದೆ ಬಾಗಲೂಬಹುದು. ಆದ್ದರಿಂದ ವೈದ್ಯರನ್ನು ಕೇಳಬೇಕಾದದ್ದು ನಾಳೆಯ ಅಂದವನ್ನಷ್ಟೇ ಅಲ್ಲ, ಹತ್ತು ವರ್ಷಗಳ ನಂತರದ ಮೂಗನ್ನು.