ಕೃಷಿತ್ಯಾಜ್ಯದಿಂದ ತೈಲಶೋಷಕ: ಹೀರುವ ಶಕ್ತಿಯೊಂದೇ ಮಾನದಂಡವಲ್ಲ

ಸಾರಾಂಶ

ಕಬ್ಬಿನ ರವದಿ, ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ತಲೆಗೂದಲು ಮುಂತಾದ ತ್ಯಾಜ್ಯಗಳಿಂದ ಸಮುದ್ರದ ತೈಲಸೋರಿಕೆಯನ್ನು ಶುಚಿಗೊಳಿಸುವ ಶೋಷಕಗಳನ್ನು ತಯಾರಿಸಬಹುದು. ಒಂದು ಗ್ರಾಂ ವಸ್ತು ಎಷ್ಟು ಗ್ರಾಂ ತೈಲ ಹೀರುತ್ತದೆ ಎಂಬುದರ ಮೇಲೆಯೇ ಇವುಗಳ ಯೋಗ್ಯತೆಯನ್ನು ನಿರ್ಧರಿಸುವುದು ಸಾಲದು. ನೀರನ್ನು ಎಷ್ಟು ದೂರವಿಡುತ್ತದೆ, ಬಳಕೆಯ ನಂತರ ಅದರ ವಿಲೇವಾರಿ ಹೇಗೆ ಎಂಬುದಕ್ಕೂ ಸಮಾನ ತೂಕ ಸಿಗಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

ಮಾರಿಷಸ್‌ನ ನಿದರ್ಶನ

2020ರ ಜುಲೈ 25ರಂದು ವಾಕಾಶಿಯೊ ಎಂಬ ಸರಕು ಹಡಗು ಮಾರಿಷಸ್‌ನ ಆಗ್ನೇಯ ತೀರದ ಹವಳದಿಬ್ಬಕ್ಕೆ ಸಿಕ್ಕಿಕೊಂಡಿತು. ಆಗಸ್ಟ್ 6ರಿಂದ ಸುಮಾರು 1000 ಟನ್ ಇಂಧನತೈಲ ಸಮುದ್ರ ಸೇರಿತು. ಮಾಹೆಬೂರ್ ಪಟ್ಟಣದ ದಡದಲ್ಲಿ ಊರಿನವರೇ ಸೇರಿ, ಒಣಗಿದ ರವದಿಯನ್ನು ಬಟ್ಟೆಯ ಉದ್ದನೆಯ ಚೀಲಗಳಿಗೆ ತುಂಬಿ ಹೊಲಿದರು. ತೇಲಲೆಂದು ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಸೇರಿಸಿ ನೀರಿಗೆ ಇಳಿಬಿಟ್ಟರು. ಕಬ್ಬಿನ ನಾಡಿನಲ್ಲಿ ಧಾರಾಳವಾಗಿ ಸಿಗುವ ತ್ಯಾಜ್ಯ ಹೀಗೆ ಆ ಗಳಿಗೆಯ ತೇಲುತಡೆಯಾಯಿತು. ಕೈಗೆ ಸಿಕ್ಕಿದ್ದರಿಂದ ಕಡಲನ್ನು ಕಾಯಲು ಹೊರಟ ಆ ಜನರ ಸಮಯಪ್ರಜ್ಞೆ ಗೌರವಾರ್ಹ. ಅದಕ್ಕೆ ವಿಜ್ಞಾನದ ಆಸರೆ ಮೊದಲೇ ಸಿದ್ಧವಿರಬೇಕಿತ್ತು.

ನೀರಿನ ಸೆಳೆತ

ಸಸ್ಯನಾರಿನ ಮುಖ್ಯ ಘಟಕ ಸೆಲ್ಯುಲೋಸ್. ಅದರ ಹೈಡ್ರಾಕ್ಸಿಲ್ ಗುಂಪುಗಳು ನೀರಿನ ಅಣುಗಳನ್ನು ಬಲವಾಗಿ ಸೆಳೆಯುತ್ತವೆ. ಹಾಗಾಗಿ ಸಂಸ್ಕರಿಸದ ರವದಿ ತೈಲದ ಜೊತೆಗೆ ನೀರನ್ನೂ ಕುಡಿದು, ಭಾರವಾಗಿ ಮುಳುಗಬಹುದು. ಬೂರುಗದ ಅರಳೆಯ ಸ್ವಭಾವವೇ ಬೇರೆ: ಎಳೆ ಒಳಗೆ ಟೊಳ್ಳು, ಮೇಲೆ ಮೇಣದ ಲೇಪ. ನೀರು ಒಳಹೋಗದೆ ಜಾರುತ್ತದೆ. ತೈಲ ಲೋಮನಾಳ ಸೆಳೆತದಿಂದ ಎಳೆಗಳ ನಡುವೆಯೂ ಟೊಳ್ಳಿನೊಳಗೂ ಸೇರುತ್ತದೆ.

ಈ ಗುಣವನ್ನು ಕೃಷಿತ್ಯಾಜ್ಯಕ್ಕೂ ಒಂದಷ್ಟು ತಂದುಕೊಡಲು ಎರಡು ದಾರಿಗಳಿವೆ. ಅಸಿಟಿಕ್ ಅನ್‌ಹೈಡ್ರೈಡ್‌ನಿಂದ ಸಂಸ್ಕರಿಸಿದರೆ ಹೈಡ್ರಾಕ್ಸಿಲ್ ಗುಂಪುಗಳ ಜಾಗದಲ್ಲಿ ಅಸಿಟೈಲ್ ಗುಂಪುಗಳು ಕೂರುತ್ತವೆ. ಗಾಳಿ ಸೋಕದಂತೆ 200ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿದರೆ ಹೆಮಿಸೆಲ್ಯುಲೋಸ್ ವಿಘಟನೆಗೊಂಡು ನೀರಿನ ಸೆಳೆತ ಕುಗ್ಗುತ್ತದೆ. ಮೊದಲನೆಯದಕ್ಕೆ ರಾಸಾಯನಿಕದ ಖರ್ಚು, ಎರಡನೆಯದಕ್ಕೆ ಇಂಧನದ ಖರ್ಚು. ತ್ಯಾಜ್ಯ ಪುಕ್ಕಟೆ ಸಿಕ್ಕರೂ ಶೋಷಕ ಪುಕ್ಕಟೆಯಲ್ಲ.

ತುಂಬುವ ಕ್ರಮವೂ ಅಷ್ಟೇ ಮುಖ್ಯ. ಮಂದವಾದ ಇಂಧನತೈಲ ಸಣ್ಣ ರಂಧ್ರಗಳಿಗೆ ಸುಲಭವಾಗಿ ಇಳಿಯದು. ಚೀಲವನ್ನು ಬಿಗಿಯಾಗಿ ತುರುಕಿದರೆ ಹೊರಪದರಕ್ಕೆ ಮಾತ್ರ ಎಣ್ಣೆ ಅಂಟಿ, ಒಳಗಿನ ರವದಿ ವ್ಯರ್ಥವಾಗುತ್ತದೆ.

ಬಳಕೆಯ ನಂತರ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ ನೈಸರ್ಗಿಕ ಸಾವಯವ ಶೋಷಕಗಳು ತಮ್ಮ ತೂಕದ 3ರಿಂದ 15 ಪಟ್ಟು ತೈಲ ಹಿಡಿಯಬಲ್ಲವು. 10 ಪಟ್ಟು ಎಂದಿಟ್ಟುಕೊಂಡರೂ 1000 ಟನ್ ತೈಲಕ್ಕೆ 100 ಟನ್ ಒಣ ಶೋಷಕ ಬೇಕು; ಕೊನೆಗೆ ದಡದಲ್ಲಿ ಉಳಿಯುವುದು 1100 ಟನ್ ಎಣ್ಣೆಗಸ. 5 ಪಟ್ಟಾದರೆ 1200 ಟನ್. ಹೀರಿದ ನೀರಿನ ತೂಕ ಇದರಲ್ಲಿ ಸೇರಿಲ್ಲ. ಆದ್ದರಿಂದ ದಪ್ಪನೆಯ ತೈಲಪದರವನ್ನು ಯಂತ್ರಗಳಿಂದ ಕೆನೆಯಂತೆ ತೆಗೆದು, ಉಳಿದ ತೆಳುಪದರಕ್ಕೆ ಮತ್ತು ಯಂತ್ರ ಹೋಗದ ಕೆಸರುದಡಗಳಿಗೆ ಶೋಷಕ ಬಳಸುವುದೇ ಯುಕ್ತ. ಬಳಸಿದ ಶೋಷಕವನ್ನು ಹಿಂಡಿ ತೈಲ ಮರಳಿ ಪಡೆಯುವುದೋ, ಸಿಮೆಂಟ್ ಗೂಡಿನಲ್ಲಿ ಉರಿಸುವುದೋ ಎಂಬುದು ಸೋರಿಕೆಗೆ ಮುನ್ನವೇ ತೀರ್ಮಾನವಾಗಿರಬೇಕು.

ಸಮಾರೋಪ

ಈ ಪ್ರಶ್ನೆ ಕರ್ನಾಟಕಕ್ಕೂ ಸಂಬಂಧಿಸಿದ್ದು. 2006ರ ಮೇ 30ರಂದು ಕಾರವಾರದ ಬಳಿ ಓಶನ್ ಸೆರಾಯಾ ಹಡಗು ನೆಲಕಚ್ಚಿ ತೈಲ ಸೋರಿದಾಗ ಮುಂಗಾರು ಹೊಸ್ತಿಲಲ್ಲಿತ್ತು. ಅಂಥ ಹೊತ್ತಿನಲ್ಲಿ ಹೊಲದಿಂದ ರವದಿ ತಂದು ಒಣಗಿಸಲಾಗದು. ನಮ್ಮ ಕಬ್ಬಿನ ಗದ್ದೆಗಳಲ್ಲಿ ಸುಟ್ಟುಹೋಗುತ್ತಿರುವ ರವದಿಯಲ್ಲಿ ಒಂದು ಪಾಲನ್ನಾದರೂ ಸಂಸ್ಕರಿಸಿ, ಕರಾವಳಿಯಲ್ಲಿ ಒಣದಾಸ್ತಾನು ಇಡುವ ಸಾಧ್ಯತೆಯನ್ನು ಪರೀಕ್ಷಿಸಬೇಕು. ಪ್ರಯೋಗಾಲಯಗಳು ಹೀರಿದ ತೈಲದ ಅಂಕಿಯ ಪಕ್ಕದಲ್ಲೇ ಹೀರಿದ ನೀರು ಮತ್ತು ಮರಳಿ ಪಡೆದ ತೈಲದ ಅಂಕಿಗಳನ್ನೂ ಪ್ರಕಟಿಸಬೇಕು. ಈ ಮೂರೂ ಒಟ್ಟಿಗಿದ್ದಾಗಲೇ ತ್ಯಾಜ್ಯದಿಂದ ಪರಿಹಾರ ಹುಟ್ಟಿತೋ, ಇನ್ನಷ್ಟು ತ್ಯಾಜ್ಯ ಹುಟ್ಟಿತೋ ಎಂಬುದು ತಿಳಿಯುತ್ತದೆ.